ಸೆಲ್ ಫೇಟ್ ಅಂದ್ರೇನು? ಕರುಳಿನ ಜೀವಕೋಶದ ಹಣೆಬರಹ ಬರೆಯೋದ್ಯಾರು

ಒಂದು ಜೀವಕೋಶ ಮುಂದೆ ಯಾವ ಕೆಲಸದ ಕೋಶ ಆಗುತ್ತೆ ಅನ್ನೋದಕ್ಕೆ ಸೆಲ್ ಫೇಟ್ ಅಂತಾರೆ. ಇದನ್ನ ತೀರ್ಮಾನ ಮಾಡೋದು ಜೀನ್ ಅಂತ ಎಲ್ರೂ ಹೇಳ್ತಾರೆ, ನನ್ ಪ್ರಕಾರ ಅದು ಅರ್ಧ ಉತ್ತರ ಅಷ್ಟೆ, ಯಾಕಂದ್ರೆ ಎಲ್ಲಾ ಕೋಶದಲ್ಲೂ ಇರೋದು ಹೆಚ್ಚುಕಮ್ಮಿ ಅವೇ ಜೀನ್‌ಗಳು, ಯಾವ್ದು ಆನ್ ಆಗ್ಬೇಕು ಅನ್ನೋ ಮಾತು ಹೆಚ್ಚಾಗಿ ಅಕ್ಕಪಕ್ಕದಿಂದ ಬರುತ್ತೆ.

ಸಣ್ಣ ಕರುಳಲ್ಲಿ ಇದು ಚೆನ್ನಾಗಿ ಕಾಣುತ್ತೆ. ಅದರ ಒಳಪದರ 3ರಿಂದ 5 ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತೆ. ಗೋಡೇಲಿ ಕ್ರಿಪ್ಟ್ ಅನ್ನೋ ಸಣ್ಣ ಸಣ್ಣ ಗುಳಿಗಳಿವೆ, ಅವುಗಳ ತಳದಲ್ಲಿ ವಿಭಜನೆ ಆಗ್ತಾ ಹೊಸ ಕೋಶಗಳನ್ನ ಹುಟ್ಟಿಸೋ ಸ್ಟೆಮ್ ಸೆಲ್‌ಗಳು, 2007ರಲ್ಲಿ ವಿಜ್ಞಾನಿ ಹಾನ್ಸ್ ಕ್ಲೆವರ್ಸ್ ಅವರ ತಂಡ ಎಲ್‌ಜಿಆರ್5 ಅನ್ನೋ ಗುರುತಿನ ಜೀನ್ ಹಿಡ್ಕೊಂಡು ಇವನ್ನ ಪತ್ತೆ ಮಾಡಿದ್ದು. ಪಕ್ಕದಲ್ಲೇ ಕೂತಿರೋ ಪ್ಯಾನೆತ್ ಅನ್ನೋ ಕೋಶಗಳು, ಸುತ್ತಲಿನ ಅಂಗಾಂಶ, ಎರಡೂ ವಿಂಟ್ ಅನ್ನೋ ಸಿಗ್ನಲ್ ಕಳಿಸ್ತಿರುತ್ವೆ, ಅದು ಸಿಗ್ತಾ ಇರೋವರೆಗೂ ಕೋಶ ಸ್ಟೆಮ್ ಸೆಲ್ಲಾಗೇ ಉಳಿಯುತ್ತೆ. ಮೇಲಕ್ಕೆ ಹೋದಂಗೆ ವಿಂಟ್ ಕಮ್ಮಿ, ಬಿಎಂಪಿ ಅನ್ನೋ ಇನ್ನೊಂದು ಸಿಗ್ನಲ್ ಜಾಸ್ತಿ, ಆಗ ವಿಭಜನೆ ನಿಂತು ಕೋಶ ಬಲಿಯೋಕೆ ಶುರು.

ಈಗ ನನಗೆ ತುಂಬಾ ಇಷ್ಟದ ಭಾಗ, ತಾಗಿರೋ ಕೋಶಗಳ ನಡುವಿನ ನಾಚ್ ಅನ್ನೋ ಸಿಗ್ನಲ್. ಮೇಲೆ ಹೊರಟ ಕೋಶಕ್ಕೆ ಎರಡು ದಾರಿ, ಆಹಾರ ಹೀರ್ಕೊಳ್ಳೋದು ಇಲ್ಲಾ ಲೋಳೆ, ಹಾರ್ಮೋನ್ ಥರದ್ದು ಸ್ರವಿಸೋದು. ಎಟಿಒಎಚ್1 ಜೀನ್ ಆನ್ ಆದ್ರೆ ಸ್ರವಿಸೋ ದಾರಿ. ಆದ್ರೆ ಆ ದಾರಿ ಹಿಡಿದ ಕೋಶ ಸುಮ್ನಿರಲ್ಲ, ಮೈಮೇಲೆ ಡೆಲ್ಟಾ ಅನ್ನೋ ಪ್ರೋಟೀನ್ ತೋರಿಸಿ ತನಗೆ ತಾಗಿರೋ ಕೋಶಗಳಿಗೆ 'ಈ ಕೆಲಸ ನಾನ್ ಮಾಡ್ತೀನಿ, ನೀವು ಬೇರೆ ನೋಡ್ಕೊಳ್ಳಿ' ಅಂದಂಗೆ ಅವುಗಳ ನಾಚ್ ರಿಸೆಪ್ಟರನ್ನ (ಸಿಗ್ನಲ್ ಹಿಡಿಯೋ ಪ್ರೋಟೀನ್) ಎಬ್ಬಿಸುತ್ತೆ, ಅಲ್ಲಿ ಎಚ್‌ಇಎಸ್1 ಜೀನ್ ಆನ್ ಆಗಿ ಎಟಿಒಎಚ್1 ಅನ್ನ ಅದುಮಿಡುತ್ತೆ, ಅವು ಆಹಾರ ಹೀರ್ಕೊಳ್ಳೋ ಕೋಶ ಆಗ್ತವೆ. ಹಂಗಾಗಿ ಹೀರ್ಕೊಳ್ಳೋ ಕೋಶಗಳ ಮಧ್ಯೆ ಸ್ರವಿಸೋವು ಅಲ್ಲೊಂದು ಇಲ್ಲೊಂದು. ಇಲಿಗಳಲ್ಲಿ ನಾಚ್ ತಡೆದು ನೋಡಿದ್ರೆ ಕ್ರಿಪ್ಟ್‌ನಲ್ಲಿ ವಿಭಜನೆ ಆಗ್ತಿದ್ದ ಕೋಶಗಳು ಲೋಳೆ ಸುರಿಸೋ ಗಾಬ್ಲೆಟ್ ಕೋಶಗಳಾಗಿ ಬಿಡ್ತವೆ!

ಹಂಗಂತ ಜೀನ್‌ಗೆ ಬೆಲೆ ಇಲ್ಲ ಅಂತಲ್ಲ. ಇದು ಕರುಳು ಅಂತ ಕೋಶಕ್ಕೆ ನೆನಪಿರೋದೇ ಸಿಡಿಎಕ್ಸ್2 ಜೀನ್‌ನಿಂದ. ಎಪಿಸಿ ಅನ್ನೋ ಜೀನ್ ಕೆಟ್ಟರಂತೂ ಕಷ್ಟ, ಹೊರಗಿಂದ ವಿಂಟ್ ಬರದಿದ್ರೂ ಒಳಗೆ ಬಂದಂಗೇ ಲೆಕ್ಕ, ಕೋಶ ವಿಭಜನೆ ನಿಲ್ಲಿಸಲ್ಲ, ದೊಡ್ಡ ಕರುಳಿನ ಬಹಳಷ್ಟು ಕ್ಯಾನ್ಸರ್‌ಗಳು ಶುರುವಾಗೋದೇ ಹಿಂಗೆ.

ಇನ್ನೊಂದು ವಿಷ್ಯ, ಫೇಟ್ ಅಂದ ತಕ್ಷಣ ಬದಲಾಗದ್ದು ಅನ್ಕೋಬೇಡಿ. 2011ರಲ್ಲಿ ಇಲಿಗಳ ಎಲ್‌ಜಿಆರ್5 ಕೋಶಗಳನ್ನ ಬೇಕಂತಲೇ ಸಾಯಿಸಿದ್ರೂ ಒಳಪದರ ಹಾಳಾಗಲಿಲ್ಲ, ಬೇರೆ ಕೋಶಗಳು ಆ ಜಾಗ ತುಂಬಿದ್ವು. ಆಮೇಲಿನ ಪ್ರಯೋಗಗಳಲ್ಲಿ ಗೊತ್ತಾಗಿದ್ದು, ಆಗಲೇ ಬೇರೆ ದಾರಿ ಹಿಡಿದಿದ್ದ ಎಳೆ ಕೋಶಗಳೂ ಅಗತ್ಯ ಬಿದ್ರೆ ವಾಪಸ್ ಬಂದು ಸ್ಟೆಮ್ ಸೆಲ್ ಆಗ್ತವೆ ಅಂತ.