ಪೊಟ್ಟಣದಲ್ಲಿ ಬಂದ ಜಲಕಿನ್ನರರು

1960ರ ದಶಕದಲ್ಲಿ ಅಮೆರಿಕದ ಕಾಮಿಕ್ ಪುಸ್ತಕಗಳಲ್ಲಿ ಒಂದು ಜಾಹೀರಾತು ಮೇಲಿಂದ ಮೇಲೆ ಬರುತ್ತಿತ್ತು. ತಲೆಯ ಮೇಲೆ ಕಿರೀಟದಂಥ ಮೂರು ಕೊಂಬು, ಉದ್ದ ಬಾಲ, ನಗುಮುಖದ ಜಲಕಿನ್ನರ ಸಂಸಾರ. ಹಿಂದೆ ನೀರೊಳಗೊಂದು ಅರಮನೆ. ದುಡ್ಡು ಕಳಿಸಿದರೆ ಪೊಟ್ಟಣ ಮನೆಗೇ ಬರುತ್ತಿತ್ತು. ಹೆರಾಲ್ಡ್ ವಾನ್ ಬ್ರೌನ್‌ಹಟ್ ಎಂಬಾತ ಮೊದಲು ‘ಇನ್‌ಸ್ಟಂಟ್ ಲೈಫ್’ ಎಂದು ಮಾರಿ, 1962ರಲ್ಲಿ ‘ಸೀ-ಮಂಕೀಸ್’ ಎಂದು ಹೆಸರು ಬದಲಿಸಿದ ಈ ಜೀವಿ ಆರ್ಟೀಮಿಯಾ: ಉಪ್ಪುನೀರಿನಲ್ಲಿ ಬದುಕುವ, ಬೆಳೆದರೂ ಸುಮಾರು ಒಂದು ಸೆಂಟಿಮೀಟರಿನ ಸಿಗಡಿ ಬಳಗದ ಪ್ರಾಣಿ.

ಕೈಚಳಕ ಇದ್ದದ್ದು ಪೊಟ್ಟಣಗಳಲ್ಲಿ. ಮೊದಲನೆಯದು ‘ನೀರು ಶುದ್ಧಿ ಮಾಡುವ ಪುಡಿ’; ಅದನ್ನು ಕಲಸಿ ಒಂದು ದಿನ ಬಿಡಬೇಕು. ಆಮೇಲೆ ‘ಮೊಟ್ಟೆ’ಯ ಪೊಟ್ಟಣ ಸುರಿದರೆ ಕಣ್ಣೆದುರೇ ಮರಿಗಳು! ನಿಜದಲ್ಲಿ ಮೊದಲ ಪುಡಿಯಲ್ಲೇ ಮೊಟ್ಟೆಗಳಿದ್ದವು. ಎರಡನೆಯದರಲ್ಲಿದ್ದ ಬಣ್ಣ, ಆಗಲೇ ಹುಟ್ಟಿದ್ದ ಮರಿಗಳು ಎದ್ದು ಕಾಣುವಂತೆ ಮಾಡುತ್ತಿತ್ತು, ಅಷ್ಟೆ.

ಜಾಹೀರಾತು ಸುಳ್ಳಾದರೂ ಆ ಪುಡಿ ಸಾಮಾನ್ಯದ್ದಲ್ಲ. ನೀರಿನಲ್ಲಿ ಉಪ್ಪು ಏರಿದಾಗ, ಆಮ್ಲಜನಕ ಇಳಿದಾಗ ತಾಯಿ ಮರಿ ಹಾಕುವುದನ್ನು ಬಿಟ್ಟು ಗಟ್ಟಿ ಚಿಪ್ಪಿನ ಸಿಸ್ಟ್‌ಗಳನ್ನು ಬಿಡುತ್ತದೆ. ಒಂದೊಂದರಲ್ಲೂ ಸುಮಾರು 4000 ಕೋಶಗಳ ಭ್ರೂಣ. ಒಣ ತೂಕದ ಶೇ. 15ರಷ್ಟು ಟ್ರೆಹಲೋಸ್ ಎಂಬ ಸಕ್ಕರೆ. ಒಳಗಿನ ನೀರು ಹೋದಮೇಲೆ ಪ್ರೋಟೀನು, ಪೊರೆಗಳು ಕುಸಿಯದಂತೆ ಹಿಡಿಯುವುದು ಇದೇ. ಹೀಗೆ ಒಣಗಿದ ಸಿಸ್ಟ್ ವರ್ಷಗಟ್ಟಲೆ ಇರಬಲ್ಲದು. 1972ರಲ್ಲಿ ಅಪೋಲೊ 16ರಲ್ಲಿ ಚಂದ್ರನವರೆಗೂ ಹೋಗಿ ಬಂದಿವೆ. ದಕ್ಷಿಣ ಭಾರತದ ಮಳೆಗಾಲದ ಹೊಂಡಗಳಲ್ಲಿ ಸಿಗುವ ಸಿಹಿನೀರಿನ ಬಂಧು ಫೇರಿ ಶ್ರಿಂಪ್ ಬೇಸಿಗೆ ಕಳೆಯುವುದೂ ಇದೇ ಉಪಾಯದಿಂದ.

ಮನೆಯಲ್ಲೇ ಮರಿ ಮಾಡಿಸಿ ನೋಡಬೇಕೆಂದರೆ ಅಕ್ವೇರಿಯಂ ಅಂಗಡಿಯಲ್ಲಿ ಆರ್ಟೀಮಿಯಾ ಸಿಸ್ಟ್ ಸಿಗುತ್ತದೆ. ಕ್ಲೋರಿನ್ ಹೋಗಲೆಂದು ರಾತ್ರಿಯಿಡೀ ತೆರೆದಿಟ್ಟ 1 ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು, ಚಿಟಿಕೆ ಅಡುಗೆ ಸೋಡಾ, ಕಾಲು ಚಮಚ ಸಿಸ್ಟ್ ಹಾಕಿ. ಏರ್ ಪಂಪಿನ ಗುಳ್ಳೆಗಳು ಅವನ್ನು ತಳ ಹಿಡಿಯಲು ಬಿಡಬಾರದು. 26ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ 24 ಗಂಟೆಯ ಹೊತ್ತಿಗೆ ಮರಿ ಬರುತ್ತವೆ. ಮೊದಲ ಕೆಲವು ಗಂಟೆ ಬೆಳಕು ಬೇಕೇ ಬೇಕು. ಕತ್ತಲಲ್ಲಿಟ್ಟು ‘ಮೊಟ್ಟೆ ಸರಿಯಿಲ್ಲ’ ಎಂದು ಅಂಗಡಿಯವರ ಮೇಲೆ ರೇಗುವವರು ಬಹಳ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೇರೆ ಸಮಸ್ಯೆ: ತೆರೆದ ಡಬ್ಬಿಯ ಸಿಸ್ಟ್ ಗಾಳಿಯ ತೇವ ಹೀರಿ ಅರೆಬರೆ ಎಚ್ಚೆತ್ತು, ಒಳಗಿನ ಶಕ್ತಿ ತೀರಿ ಸಾಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ.

ಪಂಪ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಮರಿಗಳು ಬೆಳಕಿನತ್ತ ಸೇರುತ್ತವೆ. ಆಗ ಸಣ್ಣ ಪೈಪಿನಲ್ಲಿ ಎಳೆದುಕೊಳ್ಳಬಹುದು. ಹುಟ್ಟಿದ ಮೊದಲ ಹಂತದಲ್ಲಿ ಅವು ತಿನ್ನುವುದಿಲ್ಲ. ಆಮೇಲೂ ಯೀಸ್ಟ್ ನೀರನ್ನು ಹನಿ ಲೆಕ್ಕದಲ್ಲಿ ಕೊಡಿ. ನೀರು ಬೆಳ್ಳಗಾದರೆ ಬ್ಯಾಕ್ಟೀರಿಯಾ ಹೆಚ್ಚಿ ಆಮ್ಲಜನಕ ಮುಗಿಸುತ್ತವೆ, ಬೆಳಗಾಗುವಷ್ಟರಲ್ಲಿ ಎಲ್ಲವೂ ಸತ್ತಿರುತ್ತವೆ.

ದೊಡ್ಡದಾದ ಆರ್ಟೀಮಿಯಾಕ್ಕೆ ಮೂರು ಕಣ್ಣು, ಈಜುವುದು ಅಂಗಾತ. ಹೊಟ್ಟೆ ಬೆಳಕಿನ ಕಡೆಗೇ ಇರಬೇಕು; ಕೆಳಗಿನಿಂದ ಟಾರ್ಚ್ ಬಿಟ್ಟರೆ ಮಗುಚಿಕೊಳ್ಳುತ್ತದೆ. ಜಾಹೀರಾತಿನ ಅರಮನೆಗಿಂತ ಇದೇ ನೋಡಲು ಚೆನ್ನ.

ನೀರು ಆವಿಯಾಗಿ ಇಳಿದಾಗ ಉಪ್ಪುನೀರು ಸೇರಿಸಬೇಡಿ. ಉಪ್ಪು ಒಳಗೇ ಉಳಿದಿರುತ್ತದೆ. ಮೊದಲೇ ಪಾತ್ರೆಯ ಹೊರಗೆ ನೀರಿನ ಮಟ್ಟಕ್ಕೆ ಗೆರೆ ಎಳೆದಿಟ್ಟುಕೊಂಡು ಕ್ಲೋರಿನ್ ಹೋದ ಸಿಹಿನೀರನ್ನೇ ಅಲ್ಲಿವರೆಗೆ ತುಂಬಿ. ಅಂಚಿನಲ್ಲಿ ಕಂದು ಪುಡಿ ಅಂಟಿದ್ದರೆ ಕೊಳೆಯೆಂದು ಒರೆಸಬೇಡಿ, ಅದು ಹೊಸ ಸಿಸ್ಟ್ ಇರಬಹುದು. ಪೂರ್ತಿ ಒಣಗಿಸಿದ ಮೇಲೇ ಮತ್ತೆ ಉಪ್ಪುನೀರಿಗೆ ಹಾಕಿ, ಹಸಿಯಾಗಿರುವಾಗ ಅವು ಸುಲಭಕ್ಕೆ ಒಡೆಯುವುದಿಲ್ಲ.