ಪಾರ್ ಉಳಿಸಿಕೊಂಡವರ ಮುಖದಲ್ಲಿ ಅಷ್ಟೊಂದು ಗೆಲುವು ಏಕೆ?

ಪ್ರಶ್ನೆ: ನಮ್ಮ ಮಾವನವರು ಸೇನೆಯಿಂದ ನಿವೃತ್ತರಾದವರು. ಬೆಳಗಾವಿಯಲ್ಲೇ ವಾರಕ್ಕೆರಡು ದಿನ ಗಾಲ್ಫ್ ಆಡಲು ಹೋಗುತ್ತಾರೆ. ಬಂದು ಊಟಕ್ಕೆ ಕುಳಿತರೆ, "ಇವತ್ತು ಒಂದು ಪಾರ್ ಉಳಿಸಿದೆ ನೋಡು" ಎಂದು ಅರ್ಧ ಗಂಟೆ ಅದರದೇ ವರ್ಣನೆ. ಬರ್ಡಿ ಮಾಡಿದ ದಿನವೂ ಇಷ್ಟು ಮಾತಿರುವುದಿಲ್ಲ. ಪಾರ್ ಎಂದರೆ ಆಡಬೇಕಾದಷ್ಟನ್ನು ಆಡಿದ್ದು ತಾನೆ? ಅದರಲ್ಲಿ ಹೆಚ್ಚುಗಾರಿಕೆ ಏನಿದೆ?
ಒಬ್ಬ ಸೊಸೆ, ಟಿಳಕವಾಡಿ

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಸ್ಕೋರ್ ಕಾರ್ಡಿನ ಮಟ್ಟಿಗೆ ಪಾರ್ ಎಂದರೆ ಲಾಭವೂ ಅಲ್ಲ, ನಷ್ಟವೂ ಅಲ್ಲ. ಒಂದು ಹೋಲ್, ಅಂದರೆ ಮೊದಲ ಹೊಡೆತದ ಜಾಗವಾದ ಟೀಯಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ದಾರಿ, ಮುಗಿಸಲು ನುರಿತ ಆಟಗಾರನಿಗೆ ಇಷ್ಟು ಹೊಡೆತ ಸಾಕು ಎಂದು ಮೊದಲೇ ಗೊತ್ತುಮಾಡಿದ ಸಂಖ್ಯೆ ಅದು. ಉದ್ದಕ್ಕೆ ತಕ್ಕಂತೆ ಸಾಮಾನ್ಯವಾಗಿ 3, 4 ಅಥವಾ 5. ಅದರಲ್ಲಿ ಎರಡನ್ನು ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ ಮೇಲೆ ಚೆಂಡನ್ನು ಉರುಳಿಸುವ ಪಟ್‌ಗಳಿಗೆಂದು ತೆಗೆದಿರಿಸಿರುತ್ತಾರೆ. ಹಾಗಾಗಿ ಪಾರ್-4 ಹೋಲಿನಲ್ಲಿ ಎರಡನೆಯ ಹೊಡೆತಕ್ಕೆ ಚೆಂಡು ಗ್ರೀನ್ ತಲುಪಬೇಕು. ಒಂದು ಹೊಡೆತ ಉಳಿದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ.

ಆದರೆ ಎಲ್ಲ ಪಾರ್‌ಗಳೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಟೀಯಿಂದ ನೇರ ಹೊಡೆತ, ಅಲ್ಲಿಂದ ಗ್ರೀನ್, ಎರಡು ಪಟ್: ಇಂಥ ಪಾರ್ ಬಗ್ಗೆ ಯಾರೂ ಊಟದ ಹೊತ್ತಿಗೆ ಮಾತೆತ್ತುವುದಿಲ್ಲ. ನಿಮ್ಮ ಮಾವನವರು ವರ್ಣಿಸುತ್ತಿರುವುದು ಮೊದಲ ಹೊಡೆತವೇ ಕೆಟ್ಟಮೇಲೆ ಸಿಕ್ಕಿದ ಪಾರ್.

ಬೆಳಗಾವಿಯಲ್ಲಿ ಹೊಡೆತ ಕೆಟ್ಟರೆ ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆಟವಾಡದವರಿಗೆಲ್ಲ ಇಲ್ಲಿನ ಗಾಲ್ಫ್ ಮೈದಾನ ಎಂದರೆ 2022ರ ಆಗಸ್ಟ್‌ನ ಚಿರತೆ. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳನ್ನು ಕರೆಸಿ ವಾರಗಟ್ಟಲೆ ಜಾಲಾಡಿದರೂ ಅದು ಕೈಗೆ ಸಿಗಲಿಲ್ಲ. ಅಷ್ಟು ದೊಡ್ಡ ಪ್ರಾಣಿಯನ್ನು ಬಚ್ಚಿಟ್ಟುಕೊಂಡ ಪೊದೆಗಳಿಗೆ 43 ಮಿಲಿಮೀಟರ್ ಅಗಲದ ಬಿಳಿ ಚೆಂಡು ಯಾವ ಲೆಕ್ಕ! ಅದೂ ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ. 2019ಕ್ಕೆ ಮೊದಲು ಐದು ನಿಮಿಷ ಇತ್ತು. ಸಿಗದಿದ್ದರೆ ದಂಡವಾಗಿ ಒಂದು ಹೊಡೆತ ಸೇರಿಸಿಕೊಂಡು, ಮೊದಲು ಹೊಡೆದ ಜಾಗದಿಂದಲೇ ಮತ್ತೆ ಆಡಬೇಕು. ಅಲ್ಲಿಗೆ ಆ ಹೋಲಿನ ಪಾರ್ ಹೆಚ್ಚುಕಡಿಮೆ ಮುಗಿದ ಕಥೆ.

ಚೆಂಡು ಪೊದೆಯಂಚಿನಲ್ಲಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಮುಂದೆ ಎರಡು ಮರಗಳ ನಡುವೆ ಬಾಗಿಲಿನಷ್ಟು ಸಂದು, ಅದರಾಚೆ ಗ್ರೀನ್, ಅದರ ಮೇಲೆ ಬಾವುಟ. ಪ್ರತಿಯೊಬ್ಬ ಆಟಗಾರನ ಒಳಗಿರುವ ಶೂರ ಮೈಮುರಿದು ಏಳುವುದು ಇಂಥ ಹೊತ್ತಿನಲ್ಲಿ. ಸಂದಿಯಲ್ಲಿ ತೂರಿಸಿಬಿಡೋಣ ಎನ್ನುತ್ತಾನೆ. ಹತ್ತರಲ್ಲಿ ಒಂದು ಸಲ ತೂರುತ್ತದೆ. ಉಳಿದ ಸಲ ಕಾಂಡಕ್ಕೆ ಬಡಿದು ಇನ್ನೂ ಒಳಗೆ ಸೇರಿಕೊಳ್ಳುತ್ತದೆ, ಬೋಗಿಯಲ್ಲಿ ಮುಗಿಯಬೇಕಾದದ್ದು ಡಬಲ್ ಬೋಗಿಗೋ ಅದಕ್ಕೂ ಆಚೆಗೋ ಹೋಗುತ್ತದೆ. ಪಾರ್ ಉಳಿಸುವವನು ಅಲ್ಲಿ ನಿಂತು ಮರ್ಯಾದೆಯ ಚಿಂತೆ ಬಿಡುತ್ತಾನೆ. ಏಳನೇ ನಂಬರಿನ ಐರನ್ ಎಂಬ ಕೋಲು ಹಿಡಿದು, ಕೊಂಬೆಗಳ ಕೆಳಗಿನಿಂದ, ಅಡ್ಡಡ್ಡವಾಗಿ ಚೆಂಡನ್ನು ಫೇರ್‌ವೇಗೆ, ಅಂದರೆ ಹುಲ್ಲು ಕತ್ತರಿಸಿದ ನಡುದಾರಿಗೆ ತಳ್ಳುತ್ತಾನೆ. ಒಂದು ಹೊಡೆತ ಖರ್ಚಾಯಿತು, ಗ್ರೀನ್ ಹತ್ತು ಗಜವೂ ಹತ್ತಿರವಾಗಲಿಲ್ಲ. ನೋಡುವವರಿಗೆ ಇದು ಹೇಡಿತನ. ನನ್ನನ್ನು ಕೇಳಿದರೆ ಪಾರ್ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಬಹುಪಾಲು ಇಲ್ಲಿಯೇ. ಜನ ಚಪ್ಪಾಳೆ ತಟ್ಟುವುದು ಮಾತ್ರ ಕೊನೆಯ ಪಟ್‌ಗೆ.

ಮೂರನೆಯದು ತೊಂಬತ್ತು ಗಜದಿಂದ, ಚೆಂಡನ್ನು ಮೇಲಕ್ಕೆತ್ತುವ ವೆಜ್ ಎಂಬ ಕೋಲಿನ ಹೊಡೆತ. ಚೆಂಡು ಎತ್ತರಕ್ಕೆ ಹೋಗಿ, ಗ್ರೀನ್ ಮೇಲೆ ಬಿದ್ದು, ಒಮ್ಮೆ ಪುಟಿದು ಕುಳಿಯಿಂದ ಎಂಟಡಿಯಲ್ಲಿ ನಿಂತಿತು. ಎಂಟಡಿಯ ಪಟ್ ಅಮೆರಿಕದ ವೃತ್ತಿಪರ ಪಂದ್ಯಸರಣಿಯಾದ ಪಿಜಿಎ ಟೂರ್ ಆಟಗಾರರಿಗೂ ಸುಮಾರು ಅರ್ಧಕ್ಕರ್ಧ ತಪ್ಪುವಂಥದ್ದು. ಆಟಗಾರ ಚೆಂಡಿನ ಹಿಂದೆ ನಾಣ್ಯವಿಟ್ಟು, ಅದನ್ನೆತ್ತಿ ಒರೆಸುತ್ತಾನೆ. ಕುಳಿಯ ಆಚೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು ಇಳಿಜಾರು ಯಾವ ಕಡೆಗಿದೆ ಎಂದು ನೋಡುತ್ತಾನೆ. ಕೋಲುಗಳ ಚೀಲ ಹೊರುವ ಕ್ಯಾಡಿ ಒಂದು ಮಾತು ಹೇಳುತ್ತಾನೆ, ಇವನಿಗೆ ಬೇರೆಯೇ ತೋರುತ್ತದೆ. ಕುಳಿಯ ಅಗಲ ನಾಲ್ಕೂಕಾಲು ಇಂಚು. ಎಡಕ್ಕೆ ಹೊರಟ ಚೆಂಡು ಕೊನೆಯ ಎರಡಡಿಯಲ್ಲಿ ವೇಗ ಕಳೆದುಕೊಂಡು, ಬಲಕ್ಕೆ ಬಾಗಿ, ಅಂಚಿನ ಹುಲ್ಲನ್ನು ಸವರಿ ಒಳಗೆ ಬೀಳುತ್ತದೆ. ಕಾರ್ಡಿನಲ್ಲಿ ಬರೆಯುವುದು 4. ಮರಗಳ ಸುದ್ದಿ ಬರೆಯಲು ಅದರಲ್ಲಿ ಜಾಗವಿಲ್ಲ. ಅದಕ್ಕೇ ಊಟದ ಹೊತ್ತಿಗೆ ನಿಮಗೆ ಹೇಳುತ್ತಾರೆ.

ನಿಮ್ಮ ಊರಿನ ಕುಸ್ತಿ ಆಖಾಡದಲ್ಲಿ ಇದಕ್ಕೆ ಸಾಟಿಯಾದದ್ದನ್ನು ನೀವು ಕಂಡಿರಬಹುದು. ಬೆನ್ನು ಮಣ್ಣಿಗೆ ತಾಗಿತು, ಚಿತ್ ಆದ ಎಂದು ಎಲ್ಲರೂ ಎದ್ದು ನಿಂತಾಗ, ಪೈಲ್ವಾನ ಕತ್ತಿನ ಮೇಲೆ ಇಡೀ ಮೈ ಎತ್ತಿ, ತಿರುಗಿ, ಪಟ್ಟು ಬಿಡಿಸಿಕೊಂಡು ಏಳುತ್ತಾನೆ. ಅವನು ಇನ್ನೂ ಗೆದ್ದಿಲ್ಲ, ಸೋಲಿನಿಂದ ಪಾರಾಗಿದ್ದಾನೆ ಅಷ್ಟೇ. ಸಿಳ್ಳೆ ಬೀಳುವುದು ಆಗಲೇ.

ಈ ಸಂತೋಷ ಬರಿಯ ಭಾವುಕತೆಯಲ್ಲ ಎಂಬುದಕ್ಕೆ ಅಂಕಿಅಂಶದ ಆಧಾರವೂ ಇದೆ. ಡೆವಿನ್ ಪೋಪ್ ಮತ್ತು ಮಾರಿಸ್ ಶ್ವೈಟ್ಸರ್ ಎಂಬ ಇಬ್ಬರು ಸಂಶೋಧಕರು ಪಿಜಿಎ ಟೂರ್‌ನ 25 ಲಕ್ಷಕ್ಕೂ ಹೆಚ್ಚು ಪಟ್‌ಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಅಷ್ಟೇ ದೂರದಿಂದ ಹೊಡೆದರೂ, ಬರ್ಡಿಗಾಗಿ ಹೊಡೆಯುವ ಪಟ್‌ಗಳಿಗಿಂತ ಪಾರ್‌ಗಾಗಿ ಹೊಡೆಯುವವು ಹೆಚ್ಚು ಸಲ ಕುಳಿ ಸೇರುತ್ತವೆ ಎಂದು ಅವರು ಕಂಡರು. ಅಂತರ ಶೇಕಡಾ ಎರಡರ ಆಸುಪಾಸು. ಪಾರ್ ಪಟ್ ಹೊಡೆಯುವವನು ಆ ಗ್ರೀನ್ ಮೇಲೆ ಆಗಲೇ ಒಮ್ಮೆ ಹೊಡೆದು ಇಳಿಜಾರು ಅರಿತಿರುತ್ತಾನಲ್ಲ ಎಂಬ ಅನುಮಾನವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆದರೂ ಅಂತರ ಅಳಿಯಲಿಲ್ಲ.

ಯೋಚಿಸಿದರೆ ಇದು ವಿಚಿತ್ರ. ಪಂದ್ಯ ಗೆಲ್ಲಿಸುವುದು ಒಟ್ಟು ಹೊಡೆತಗಳ ಸಂಖ್ಯೆ. ಬರ್ಡಿಯ ಪಟ್ ತಪ್ಪಿದರೂ ಪಾರ್‌ನ ಪಟ್ ತಪ್ಪಿದರೂ ಹೋಗುವುದು ಒಂದೇ ಹೊಡೆತ. ಕೋಟಿಗಟ್ಟಲೆ ಹಣಕ್ಕಾಗಿ ಆಡುವವರ ಕೈಯೂ ಇದನ್ನು ಒಪ್ಪುವುದಿಲ್ಲ. ಬರ್ಡಿ ತಪ್ಪಿದರೆ ಸಿಗಬಹುದಾಗಿದ್ದ ಲಾಭ ಸಿಗಲಿಲ್ಲ ಎಂದು ಮುಂದೆ ನಡೆಯುತ್ತಾರೆ, ಪಾರ್ ತಪ್ಪಿದರೆ ಗಂಟಿನಿಂದಲೇ ಕಳೆದುಕೊಂಡ ಸಂಕಟ. ಸಮನಾದ ಲಾಭ ಕೊಡುವ ಸಂತೋಷಕ್ಕಿಂತ ನಷ್ಟದ ನೋವು ದೊಡ್ಡದು ಎಂದು ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲಿಯೇ ವಾದಿಸಿದ್ದರು. ಪೊದೆಯಲ್ಲಿ ನಿಂತಾಗಲೇ ಮನಸ್ಸು ಬೋಗಿಯನ್ನು ಖರ್ಚಿಗೆ ಬರೆದುಬಿಟ್ಟಿರುತ್ತದೆ. ಪಟ್ ಬಿದ್ದಾಗ ಆ ಬಾಬ್ತು ವಾಪಸು ಜಮೆಯಾಗುತ್ತದೆ.

ಇನ್ನೊಂದು ಸಂಗತಿ ನಿಮ್ಮ ಪ್ರಶ್ನೆಯಲ್ಲಿ ಬಿಟ್ಟುಹೋಗಿದೆ. ಪಾರ್ ಎಂಬ ಅಳತೆಯೇ ಹವ್ಯಾಸಿಗಾಗಿ ಮಾಡಿದ್ದಲ್ಲ. ಅದಕ್ಕೆಂದೇ ಹ್ಯಾಂಡಿಕ್ಯಾಪ್ ಎಂಬ ರಿಯಾಯಿತಿ ಇದೆ. ನಿಮ್ಮ ಮಾವನವರದು 18 ಎಂದಿಟ್ಟುಕೊಂಡರೆ, ಪ್ರತಿ ಹೋಲಿಗೂ ಅವರಿಗೆ ಒಂದು ಹೊಡೆತ ಹೆಚ್ಚು ಸಲ್ಲುತ್ತದೆ. ಅವರ ಬೋಗಿಯೇ ಅವರ ಪಾರ್, ಅವರ ಪಾರ್ ಬರ್ಡಿಗೆ ಸಮ. ಹೋಲಿಗಿಷ್ಟು ಎಂದು ಅಂಕ ಕೊಡುವ ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಆ ಹೋಲಿಗೆ ಎರಡಲ್ಲ, ಮೂರು ಅಂಕ ಸಿಗುತ್ತದೆ. "ಆಡಬೇಕಾದಷ್ಟನ್ನು ಆಡಿದ್ದು ತಾನೆ" ಎಂಬ ನಿಮ್ಮ ಮಾತು ಅವರ ಮಟ್ಟಿಗೆ ಅನ್ಯಾಯದ್ದೇ.

ವೃತ್ತಿಪರರಲ್ಲೂ ಪಾರ್ ಉಳಿಸುವ ಕಲೆಯಿಂದಲೇ ಮೇಲೇರಿದವರಿದ್ದಾರೆ. 1987ರಲ್ಲಿ ಸ್ಕಾಟ್ಲೆಂಡ್‌ನ ಮ್ಯೂರ್‌ಫೀಲ್ಡ್‌ನಲ್ಲಿ ನಡೆದ ಓಪನ್ ಚಾಂಪಿಯನ್‌ಷಿಪ್‌ನ ಕೊನೆಯ ದಿನ ನಿಕ್ ಫಾಲ್ಡೊ 18 ಹೋಲ್‌ಗಳಲ್ಲೂ ಪಾರ್ ಮಾಡಿದರು. ಒಂದು ಬರ್ಡಿ ಇಲ್ಲ, ಒಂದು ಬೋಗಿ ಇಲ್ಲ. ಮುಂದಿದ್ದ ಪಾಲ್ ಏಜಿಂಗರ್ ಕೊನೆಯ ಎರಡೂ ಹೋಲ್‌ಗಳಲ್ಲಿ ಬೋಗಿ ಮಾಡಿದರು, ಫಾಲ್ಡೊ ಒಂದು ಹೊಡೆತದ ಅಂತರದಿಂದ ಗೆದ್ದರು. ನೀರಸ ಆಟ ಎಂದು ಮೂಗು ಮುರಿದವರು ಇದ್ದರು. ಇದ್ದರೆ ಇರಲಿ, ಟ್ರೋಫಿ ಫಾಲ್ಡೊ ಕೈಯಲ್ಲಿತ್ತು.

ನಮ್ಮವರೇ ಆದ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದದ್ದು ನಿಮಗೆ ನೆನಪಿರಬಹುದು. ಪದಕಕ್ಕೂ ಅವರಿಗೂ ಇದ್ದ ಅಂತರ ಒಂದೇ ಹೊಡೆತ. ಟೀಯಿಂದ ಅವರ ಹೊಡೆತ ಎದುರಾಳಿಗಳ ಹೊಡೆತಕ್ಕಿಂತ ಬಹಳ ಹಿಂದೆ ಬೀಳುತ್ತಿತ್ತು. ಗ್ರೀನ್‌ಗೆ ಉದ್ದನೆಯ ಹೊಡೆತ ಉಳಿದವರು ಗ್ರೀನ್ ತಪ್ಪಿಸುವ ಸಂಭವ ಹೆಚ್ಚು. ಆ ಕೊರತೆಯನ್ನು ಅವರು ತುಂಬಿಕೊಂಡದ್ದು ಗ್ರೀನ್ ಅಂಚಿನಿಂದ ಆಡುವ ಚಿಪ್ ಹೊಡೆತ ಮತ್ತು ಪಟ್‌ಗಳಿಂದ. ಕ್ರಿಕೆಟ್ ಬಿಟ್ಟರೆ ಬೇರೇನೂ ನೋಡದ ಮನೆಗಳೂ ಆ ಶನಿವಾರ ಬೆಳಿಗ್ಗೆ ಗಾಲ್ಫ್ ನೋಡಿದವು.

ದೊಡ್ಡ ಟೂರ್‌ಗಳ ಆಟಗಾರರೂ ಒಂದು ಸುತ್ತಿನಲ್ಲಿ ಸುಮಾರು ಆರು ಗ್ರೀನ್ ತಪ್ಪಿಸುತ್ತಾರೆ. ಅವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನ ಕಡೆ ಪಾರ್ ಉಳಿಸಿಕೊಳ್ಳುತ್ತಾರೆ. ಉಳಿದವು ಅವರಿಗೂ ಬೋಗಿಯೇ. ಹೀಗಿರುವಾಗ ಹವ್ಯಾಸಿಗಳು ಅಭ್ಯಾಸದ ಹೊತ್ತನ್ನೆಲ್ಲ ಟೀಯಿಂದ ದೂರಕ್ಕೆ ಹೊಡೆಯುವ ಡ್ರೈವರ್ ಬೀಸುವುದರಲ್ಲಿ ಕಳೆಯುವುದೇಕೋ ನನಗೆ ತಿಳಿಯದು. ಗ್ರೀನ್‌ನ ಸುತ್ತಲಿನ ಮೂವತ್ತು ಗಜದಲ್ಲಿ ಪಳಗಿದವನಿಗೆ ಉಳಿಯುವ ಹೊಡೆತಗಳೇ ಹೆಚ್ಚು.

ಬಂಕರ್ ಎಂಬ ಮರಳಿನ ಗುಂಡಿಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ಬೆಳಗಾವಿಯ ಮಳೆಗಾಲದಲ್ಲಿ ಮಾವನವರಿಗೆ ಉಪಯೋಗಕ್ಕೆ ಬಂದೀತು. ಒಣ ಮರಳಿನಲ್ಲಿ ಸ್ಯಾಂಡ್ ವೆಜ್ ಚೆಂಡನ್ನು ಮುಟ್ಟುವುದೇ ಇಲ್ಲ. ಚೆಂಡಿಗಿಂತ ಒಂದೆರಡು ಇಂಚು ಹಿಂದೆ ಮರಳಿಗೆ ಇಳಿದು, ಕೆಳಗಿನಿಂದ ಜಾರಿ, ಮರಳಿನ ಜೊತೆಗೆ ಚೆಂಡನ್ನೂ ಆಚೆ ಎಸೆಯುತ್ತದೆ. ನೆನೆದು ಗಟ್ಟಿಯಾದ ಮರಳಿನಲ್ಲಿ ಅದೇ ವೆಜ್ ಒಳಗಿಳಿಯದೆ ಪುಟಿದು ಚೆಂಡಿನ ನಡುವಿಗೇ ಬಡಿಯಬಹುದು. ಆಗ ಚೆಂಡು ಗ್ರೀನ್ ದಾಟಿ ಆಚೆಯ ಪೊದೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೆಜ್‌ನ ಮುಖವನ್ನು ಅಷ್ಟಾಗಿ ತೆರೆಯದೆ, ಸ್ವಿಂಗ್ ತುಸು ಚಿಕ್ಕದು ಮಾಡಿದರೆ ಒಳ್ಳೆಯದು. ಹೊಡೆಯುವ ಮುನ್ನ ಮರಳು ಎಷ್ಟು ಗಟ್ಟಿಯಾಗಿದೆ ಎಂದು ವೆಜ್ ಊರಿ ನೋಡುವಂತಿಲ್ಲ, ಅದಕ್ಕೆ ದಂಡವಿದೆ. ನಿಲ್ಲುವಾಗ ಪಾದಕ್ಕೆ ಸಿಗುವ ಅಂದಾಜೇ ಗತಿ.