ಪುಕ್ಕಟೆ ವೀಲ್‌ಚೇರ್ ಮತ್ತು ಎರಡು ತೊಗರಿ ಚೀಲ

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ತೊಗರಿ ರಾಶಿ ನಡೆದಿದ್ದ ದಿನಗಳಲ್ಲಿ ಚಿತ್ತಾಪುರ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಹುಣಸೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದ್ದ ರೈತರೊಬ್ಬರನ್ನು ನೋಡಬೇಕಿತ್ತು. ಅವರಿಗೆ ಶಿಬಿರವೊಂದರಲ್ಲಿ ವೀಲ್‌ಚೇರ್ ಸಿಕ್ಕು ಮೂರು ತಿಂಗಳಾಗಿತ್ತು. ಹೋಗಿ ನೋಡಿದರೆ ವೀಲ್‌ಚೇರ್ ಮೇಲೆ ಎರಡು ತೊಗರಿ ಚೀಲ, ಅವರು ಪಕ್ಕದಲ್ಲಿ ಹೊರಸಿನ ಮೇಲೆ.

"ಕುರ್ಚಿ ಛಲೋ ಅದರೀ ಸರ, ಆದ್ರ ಅಂಗಳ ದಾಟಂಗಿಲ್ಲ" ಅಂದರು.

ಹೇಗೆ ದಾಟೀತು? ಅದು ಆಸ್ಪತ್ರೆಯ ನುಣುಪು ನೆಲದ ಮೇಲೆ ಇನ್ನೊಬ್ಬರು ತಳ್ಳಲೆಂದು ಮಾಡಿದ ಕುರ್ಚಿ. ಮುಂದಿನ ಗಾಲಿ ಅಂಗೈಯಷ್ಟು. ನಮ್ಮ ಎರೆಮಣ್ಣಿಗೆ ನಾಲ್ಕು ಹನಿ ಬಿದ್ದರೆ ಚಪ್ಪಲಿಯೇ ಮೇಲೇಳುವುದಿಲ್ಲ, ಇನ್ನು ಆ ಗಾಲಿ! ಮನೆ ಮುಂದೆ ಶಹಾಬಾದ್ ಕಲ್ಲಿನ ಎರಡು ಮೆಟ್ಟಿಲು, ಸೇರಿ ಒಂದು ಅಡಿ ಎತ್ತರ. ಒಂದು ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕು, ಅಂಗಳ ಇದ್ದದ್ದೇ ಹತ್ತು ಅಡಿ. ಕೊನೆಗೆ ಗೋಡೆಗುಂಟ ತಿರುಗಿಸಿ ಕಟ್ಟಿಸಿದೆವು.

ಅದಕ್ಕಿಂತ ದೊಡ್ಡ ತೊಂದರೆ ಕೂತಲ್ಲೇ ಇತ್ತು. ಮನುಷ್ಯ ಸಣಕಲು, ಸೀಟು ಅಗಲ, ರೆಕ್ಸಿನ್ ಜೋಲಿ ಬಿದ್ದಿತ್ತು. ಅವರು ಒಂದೇ ಕಡೆ ವಾಲಿ ಕೂತು ಕೂತು ಕುಂಡಿಯ ಎಲುಬಿನ ಹತ್ತಿರ ಹುಣ್ಣಾಗಿತ್ತು. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರಿಗೆ ನೋವು ಗೊತ್ತಾಗುವುದಿಲ್ಲ, ಹೆಂಡತಿ ಧೋತರದ ಮೇಲೆ ಕಲೆ ನೋಡಿದಾಗಲೇ ತಿಳಿದದ್ದು. ಆಮೇಲೆ ಡ್ರೆಸ್ಸಿಂಗು, ಕಲಬುರಗಿಗೆ ಗಾಡಿ ಬಾಡಿಗೆ, ಹೆಂಡತಿಯ ಕೂಲಿ ಖೋತಾ. ಪುಕ್ಕಟೆ ಕುರ್ಚಿ ಅಂದರೆ ಇದು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಂದು ವರದಿ ತಂದವು. ಕನ್ನಡಕ, ಶ್ರವಣ ಸಾಧನ, ವೀಲ್‌ಚೇರ್‌ನಂಥ ಸಾಧನ ಜಗತ್ತಿನಲ್ಲಿ 250 ಕೋಟಿಗೂ ಜಾಸ್ತಿ ಜನರಿಗೆ ಬೇಕು, ಸುಮಾರು 100 ಕೋಟಿ ಜನರಿಗೆ ಸಿಗುತ್ತಿಲ್ಲ ಅಂತ ಅದರಲ್ಲಿದೆ. ಕೆಲವು ಬಡ ದೇಶಗಳಲ್ಲಿ ಬೇಕಾದವರಲ್ಲಿ ನೂರಕ್ಕೆ ಮೂವರಿಗೆ ಸಿಕ್ಕರೆ ಶ್ರೀಮಂತ ದೇಶಗಳಲ್ಲಿ 90 ಮಂದಿಗೆ ಸಿಗುತ್ತದಂತೆ. ಸರಿ. ಆದರೆ ನಮ್ಮ ರೈತರನ್ನು ಯಾವ ಲೆಕ್ಕಕ್ಕೆ ಹಾಕಬೇಕು? ಪಟ್ಟಿಯಲ್ಲಿ ಅವರಿಗೆ 'ಸಿಕ್ಕಿದೆ'.

ನಮ್ಮ ದೇಶದಲ್ಲಿ ಸಾಧನ ಮಾಡುವವರಿಲ್ಲ, ಕೊಡುವವರಿಲ್ಲ ಅಂತೇನೂ ಅಲ್ಲ. ಕಾನ್ಪುರದ ಅಲಿಮ್ಕೋ ಕಾರ್ಖಾನೆ 1972ರದ್ದು, ಸಾಧನ ಹಂಚುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆ 1981ರದ್ದು. ಕೊಟ್ಟ ಮೇಲೇನು ಅನ್ನುವುದೇ ನನ್ನ ತಕರಾರು. ವೀಲ್‌ಚೇರ್ ಕೊಡಲು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಎಂಟು ಹಂತ ಹೇಳಿತ್ತು. ಅಳತೆ, ಮನೆಯ ವಿಚಾರಣೆ, ಹೊಂದಿಸುವುದು, ಕಲಿಸುವುದು, ರಿಪೇರಿ ಎಲ್ಲ ಅದರಲ್ಲಿದೆ. ನಮ್ಮಲ್ಲಿ ಒಂಬತ್ತನೆಯದೂ ಒಂದಿದೆ, ಫೋಟೋ. ಎಷ್ಟೋ ಶಿಬಿರಗಳು ಸೀದಾ ಅಲ್ಲಿಗೇ ಬರುತ್ತವೆ.

ಹಾಗಾಗಿ ಕುರ್ಚಿ ತೊಗೊಳ್ಳುವಾಗ ನೀವೇ ನೋಡಿಕೊಳ್ಳಿ. ಸೀಟು ಸೊಂಟದಷ್ಟೇ ಅಗಲ ಇರಲಿ. ಮೊಣಕಾಲಿನ ಹಿಂದೆ ಸೀಟಿನ ಅಂಚಿಗೂ ಕಾಲಿಗೂ ನಡುವೆ ಎರಡು ಬೆರಳು ತೂರಬೇಕು. ಸ್ಪರ್ಶ ಇಲ್ಲದವರಿಗೆ ಹುಣ್ಣಾಗದಂತೆ ಸೀಟಿನ ಮೇಲೆ ಹಾಕುವ ದಿಂಬು ಕೊಡದೆ ಕುರ್ಚಿ ಕೊಟ್ಟರೆ ಬೇಡ ಅನ್ನಿ, ಸುಮ್ನೆ ಜಗಳಕ್ಕೆ ಹೇಳುತ್ತಿಲ್ಲ. ಅರ್ಧ ಗಂಟೆಗೊಮ್ಮೆ ಕೈಯೂರಿ ಮೈ ಎತ್ತುವುದನ್ನೂ ಕಲಿಯಬೇಕು, ದಿಂಬಿದ್ದರೂ.

ಇನ್ನು ರಿಪೇರಿ. ಅಮೆರಿಕದ ರಾಲ್ಫ್ ಹಾಚ್ಕಿಸ್ ಎಂಬ ಎಂಜಿನಿಯರ್ 1966ರಲ್ಲಿ ಮೋಟರ್‌ಸೈಕಲ್ ಅಪಘಾತವಾಗಿ ತಾವೇ ವೀಲ್‌ಚೇರ್ ಹಿಡಿದವರು. ಆಯಾ ಊರಲ್ಲಿ ಸಿಗುವ ಸಾಮಾನಿನಿಂದಲೇ ಮಾಡಿ ರಿಪೇರಿ ಮಾಡಬಹುದಾದ ಕುರ್ಚಿಗಳ ಮೇಲೆ ಅವರು ದಶಕಗಟ್ಟಲೆ ಕೆಲಸ ಮಾಡಿದರು. ಈ ಮಾತು ನನಗೆ ಪೂರ್ತಿ ಅರ್ಥವಾದದ್ದು ಆಮೇಲೆ.

ಆ ರೈತರ ಹುಣ್ಣು ಮಾಯ್ದ ಮೇಲೆ ಮೂರು ಗಾಲಿಯ ಕುರ್ಚಿ ಹುಡುಕಿಕೊಟ್ಟೆವು. ಮುಂದೆ ಒಂದೇ ದೊಡ್ಡ ಗಾಲಿ, ಅದೂ ಉದ್ದಕ್ಕೆ ಚಾಚಿಕೊಂಡಿರುತ್ತದೆ, ತಗ್ಗಿಗೆ ಇಳಿದರೂ ಮುಗ್ಗರಿಸುವುದು ಕಡಿಮೆ. ಹೊಲದ ಬದುವಿನ ತನಕ ಹೋಗಿ ಬರುತ್ತಿದ್ದರು. ಹಿಂದಿನ ಗಾಲಿ ಪಂಕ್ಚರ್ ಆದರೆ ಊರಿನ ಸೈಕಲ್ ಅಂಗಡಿಯಲ್ಲೇ ಆಗುತ್ತಿತ್ತು. ಹೋದ ತಿಂಗಳು ಮುಂದಿನ ಗಾಲಿಯ ಬೇರಿಂಗ್ ಹೋಯಿತು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದೆ, ಆ ಅಳತೆಯದು ಸಿಗಲಿಲ್ಲ. ಹೈದರಾಬಾದಿಗೆ ಹೇಳಿದ್ದೇವೆ. ಅಲ್ಲಿಯ ತನಕ ಅವರು ಮತ್ತೆ ಹೊರಸಿನ ಮೇಲೆ.